ಬೋರ್‌ವೆಲ್ ನೀರು, ಬೆಳೆ ಮತ್ತು ಮಣ್ಣಿನ ಇಂಗಾಲ

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ರೈತರು ಮಣ್ಣು ಪರೀಕ್ಷೆಯ ವರದಿ ಹಿಡಿದು ಬಂದಾಗ ನಾನು ಮೊದಲು ಕೇಳುವುದು ಬೋರ್‌ವೆಲ್ ನೀರಿನ ವರದಿಯನ್ನು. ಹೆಚ್ಚಿನವರ ಬಳಿ ಅದು ಇರುವುದೇ ಇಲ್ಲ. ಹಾಕಿದ ಕೊಟ್ಟಿಗೆ ಗೊಬ್ಬರದ ಇಂಗಾಲ ಮಣ್ಣಲ್ಲಿ ಎಷ್ಟು ಕಾಲ ನಿಲ್ಲುತ್ತದೆ ಎಂಬುದರಲ್ಲಿ ನೀರಿನ ಲವಣಗಳ ಪಾಲೂ ಇದೆ.

ಗಡಸು ನೀರಿನ ತೋಟಗಳಲ್ಲಿ ಡ್ರಿಪ್ ಪೈಪಿನ ತೂತುಗಳಿಗೆ ಬೆಳ್ಳಗೆ ಕಟ್ಟಿಕೊಳ್ಳುವುದು ಕ್ಯಾಲ್ಸಿಯಂ ಕಾರ್ಬೋನೇಟ್, ಅಂದರೆ ಸುಣ್ಣ. ಅದರಲ್ಲೂ ಇಂಗಾಲವಿದೆ, ಆದ್ದರಿಂದ ಮಣ್ಣಿಗೆ ಇಂಗಾಲ ಸೇರಿತು ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಲೀಟರಿಗೆ 300 ಮಿಲಿಗ್ರಾಂ ಬೈಕಾರ್ಬೋನೇಟ್ (ನೀರಲ್ಲಿ ಕರಗಿರುವ ಇಂಗಾಲದ ರೂಪ, ಸುಣ್ಣ ಕಟ್ಟುವುದು ಇದರಿಂದಲೇ) ಇರುವ ನೀರನ್ನು ಎಕರೆಗೆ ವರ್ಷಕ್ಕೆ 500 ಮಿ.ಮೀ. ಹರಿಸಿದರೆ ಸುಮಾರು 600 ಕೆ.ಜಿ. ಬೈಕಾರ್ಬೋನೇಟ್ ಬಂದು ಬೀಳುತ್ತದೆ. ಅದರಲ್ಲಿ ಇಂಗಾಲ 120 ಕೆ.ಜಿ. ಅದೆಲ್ಲ ಸುಣ್ಣವಾಗಿ ಕಟ್ಟಿತೆಂದರೂ ಮಣ್ಣಲ್ಲಿ ಉಳಿಯುವುದು ಅರ್ಧ, 60 ಕೆ.ಜಿ. ಇನ್ನರ್ಧ ಸುಮಾರು 220 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ನೆಲದಾಳದ ನೀರಿನಲ್ಲಿ ಕರಗಿಕೊಂಡಿದ್ದ ಇಂಗಾಲವನ್ನು ನಾವೇ ಮೇಲೆತ್ತಿ ಹೊರಗೆ ಬಿಟ್ಟಂತಾಯಿತು. ಕಾರ್ಬನ್ ಕ್ರೆಡಿಟ್, ಅಂದರೆ ಮಣ್ಣಲ್ಲಿ ಇಂಗಾಲ ಹಿಡಿದಿಟ್ಟದ್ದಕ್ಕೆ ಹಣ, ಎಂದು ಮಾತಾಡುವವರು ‘ಒಟ್ಟು ಇಂಗಾಲ’ದ ಅಂಕಿ ತೋರಿಸಿದರೆ, ಅದರಲ್ಲಿ ಸುಣ್ಣದ ಪಾಲೆಷ್ಟು ಎಂದು ಖಂಡಿತ ಕೇಳಿ. ಬೆಳೆಗೆ ಬೇಕಾದದ್ದು ಸಾವಯವ ಇಂಗಾಲ, ಅಂದರೆ ಗೊಬ್ಬರ, ಬೇರು, ಸೊಪ್ಪು ಕೊಳೆತು ಬರುವ ಇಂಗಾಲ; ಅದು ಶೇ. 0.5ಕ್ಕಿಂತ ಕಡಿಮೆಯಿದ್ದರೆ ನಮ್ಮ ಪ್ರಯೋಗಾಲಯಗಳು ‘ಕಡಿಮೆ’ ಎಂದೇ ಬರೆಯುತ್ತವೆ.

ಹಾಗೆಂದು ಕ್ಯಾಲ್ಸಿಯಂ ಕೆಟ್ಟದ್ದಲ್ಲ. ಜೇಡಿಕಣವನ್ನೂ ಕೊಳೆತ ಸಾವಯವ ವಸ್ತುವನ್ನೂ ಬೆಸೆಯುವುದು ಅದೇ. ಹಾಗೆ ಬೆಸೆದುಕೊಂಡ ಹೆಂಟೆಯ ಒಳಗಿನ ಇಂಗಾಲ ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ಸಿಗುವುದಿಲ್ಲ. ನನಗೆ ಹೆಚ್ಚು ಭಯ ಸೋಡಿಯಂ ನೀರಿನದು. ಅದು ಪೈಪಿಗೆ ಅಷ್ಟಾಗಿ ಕಟ್ಟುವುದಿಲ್ಲ, ಸೋಪು ಚೆನ್ನಾಗಿ ನೊರೆ ಬರುತ್ತದೆ, ನೀರು ಒಳ್ಳೆಯದೆಂದೇ ತೋರುತ್ತದೆ. ಆದರೆ ಸೋಡಿಯಂ ಹೆಚ್ಚಾದಂತೆ ಹೆಂಟೆ ಒಡೆದು ಜೇಡಿ ಚದುರುತ್ತದೆ, ನೆಲ ಚೌಳಾಗುತ್ತದೆ, ಅಡಗಿದ್ದ ಇಂಗಾಲ ಕರಗಿ ಹೋಗುತ್ತದೆ. ಬೇರು ಇಳಿಯದ ಮೇಲೆ ಹೊಸ ಇಂಗಾಲ ಎಲ್ಲಿಂದ ಬರಬೇಕು?

ನೀರಿನ ವರದಿಯಲ್ಲಿ ಆರ್‌ಎಸ್‌ಸಿ ಎಂಬ ಸಾಲು ನೋಡಿ. ನೀರಿನ ಕಾರ್ಬೋನೇಟ್, ಬೈಕಾರ್ಬೋನೇಟ್‌ಗಳು ಕ್ಯಾಲ್ಸಿಯಂ, ಮೆಗ್ನೀಸಿಯಂಗಿಂತ ಎಷ್ಟು ಹೆಚ್ಚಿವೆ ಎಂಬುದರ ಅಳತೆ ಅದು (ಲೀಟರಿಗೆ ಮಿಲಿಈಕ್ವಿವಲೆಂಟ್ ಲೆಕ್ಕದಲ್ಲಿ). 1.25ರೊಳಗಿದ್ದರೆ ಚಿಂತೆಯಿಲ್ಲ. 2.5 ದಾಟಿದರೆ ಆ ನೀರನ್ನು ಹಾಗೇ ಹೊಲಕ್ಕೆ ಬಿಡಬೇಡಿ, ಕ್ಯಾಲ್ಸಿಯಂ ಕೊಡುವ ಜಿಪ್ಸಂ ಬೇಕು. ಹೆಚ್ಚಾದ ಒಂದೊಂದು ಅಂಕಕ್ಕೂ, ಸಾವಿರ ಲೀಟರ್ ನೀರಿಗೆ 86 ಗ್ರಾಂ ಶುದ್ಧ ಜಿಪ್ಸಂ ಎಂಬುದು ಲೆಕ್ಕ. ಮಾರುಕಟ್ಟೆಯದು ಅಷ್ಟು ಶುದ್ಧವಿರುವುದಿಲ್ಲ, ಆದ್ದರಿಂದ ಸ್ವಲ್ಪ ಹೆಚ್ಚು ಹಿಡಿಯಿರಿ.

ಬೆಳೆಯೂ ಇಲ್ಲಿ ಕೆಲಸ ಮಾಡುತ್ತದೆ. ಬೇರು ಉಸಿರಾಡಿ ಬಿಟ್ಟ ಕಾರ್ಬನ್ ಡೈಆಕ್ಸೈಡ್ ಮಣ್ಣಿನ ತೇವದಲ್ಲಿ ಕರಗಿ ಆಮ್ಲವಾಗುತ್ತದೆ. ಆ ಆಮ್ಲ ಕಟ್ಟಿಕೊಂಡ ಸುಣ್ಣವನ್ನು ಕರಗಿಸಿ ಕ್ಯಾಲ್ಸಿಯಂ ಬಿಡಿಸುತ್ತದೆ, ಅದು ಸೋಡಿಯಂನ ಜಾಗ ಹಿಡಿಯುತ್ತದೆ. ಚೌಳು ತಾಳಿಕೊಳ್ಳುವ ಹಸಿರೆಲೆ ಗೊಬ್ಬರದ ಗಿಡ ಡಯಾಂಚ ಈ ಕೆಲಸಕ್ಕೆ ಹೇಳಿ ಮಾಡಿಸಿದ ಬೆಳೆ; ಹೂ ಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿದರೆ ಸಾವಯವ ಇಂಗಾಲವೂ ಬರುತ್ತದೆ. ಟೊಮೆಟೊ ಮೇಲೆ ಟೊಮೆಟೊ ಹಾಕಿ, ಗಿಡವನ್ನು ಬೇರುಸಹಿತ ಕಿತ್ತು ಬದುವಿನಲ್ಲಿ ಸುಡುವ ಹೊಲಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಡುವೆ ಒಂದು ಬೆಳೆ ರಾಗಿ ಹಾಕಿ. ಅದರ ದಟ್ಟ ಬೇರು ಮಣ್ಣಲ್ಲೇ ಉಳಿಯಲಿ. ಮೇಲಿನ ಸೊಪ್ಪುಸದೆಗಿಂತ ಬೇರಿನ ಇಂಗಾಲವೇ ಹೆಚ್ಚು ಕಾಲ ನಿಲ್ಲುತ್ತದೆ.

ನೀರಿನ ಮಾದರಿ ತೆಗೆಯುವಾಗ ಮೋಟಾರ್ ಅರ್ಧ ಗಂಟೆಯಾದರೂ ಓಡಲಿ. ಬಾಟಲಿಯನ್ನು ಅದೇ ನೀರಿನಲ್ಲಿ ತೊಳೆದು, ಗಾಳಿ ಉಳಿಯದಂತೆ ಬಾಯಿತನಕ ತುಂಬಿ, ಆದಷ್ಟು ಬೇಗ ಪ್ರಯೋಗಾಲಯಕ್ಕೆ ಕೊಡಿ. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಮಾಡಿಸಿ. ಒಂದೇ ಬೋರಿನ ನೀರು ಎರಡು ಕಾಲಕ್ಕೆ ಬೇರೆಯಾಗಿರಬಹುದು.