ಫ್ಯಾರೆಲ್ ಕೈ ಎಲ್ಲಿತ್ತು?

ನನ್ನ ಕಸುಬು ಡೊಮೆಸ್ಟಿಕ್ ಎನ್‌ಕ್ವೈರಿ ನಡೆಸುವುದು. ಕಾರ್ಖಾನೆಯಲ್ಲೋ ಕಂಪನಿಯಲ್ಲೋ ನೌಕರನಿಗೆ ಚಾರ್ಜ್‌ಶೀಟ್ ಕೊಟ್ಟ ಮೇಲೆ, ಎರಡೂ ಕಡೆಯ ಮಾತು ಕೇಳಿ, ಆರೋಪ ಸಾಬೀತಾಯಿತೋ ಇಲ್ಲವೋ ಅಂತ ವರದಿ ಬರೆದುಕೊಡುವ ಹೊರಗಿನ ವಕೀಲ ನಾನು. ಜೊತೆಗೆ ರಗ್ಬಿ ಅಂದರೆ ಪ್ರಾಣ. ಹಾಗಾಗಿ ಪಂದ್ಯ ಮುಗಿದ ಮೇಲೆ ಬರುವ ಶಿಸ್ತು ಸಮಿತಿಯ ತೀರ್ಪುಗಳನ್ನು, ಬೇರೆಯವರು ಸ್ಕೋರ್ ನೋಡುವಷ್ಟೇ ಆಸೆಯಿಂದ ಓದುತ್ತೇನೆ.

ರಗ್ಬಿ ನೋಡುವ ಗೆಳೆಯರು ನನ್ನನ್ನು ಜಾಸ್ತಿ ಕೇಳುವುದು ಆಗ ಇಂಗ್ಲೆಂಡ್ ರಗ್ಬಿ ತಂಡದ ನಾಯಕನಾಗಿದ್ದ ಓವನ್ ಫ್ಯಾರೆಲ್ ಕೇಸಿನ ಬಗ್ಗೆ. ಮೊದಲು ಕೆಂಪು ಕಾರ್ಡು, ಮೂರು ದಿನಕ್ಕೆ ಅದು ರದ್ದು, ಇನ್ನೊಂದು ವಾರಕ್ಕೆ ನಾಲ್ಕು ಪಂದ್ಯದ ನಿಷೇಧ. ಇಷ್ಟು ಹೇಳಿ, "ಇದರಲ್ಲಿ ನ್ಯಾಯ ಎಲ್ಲಿದೆ ಸರ್, ಒಳಗಿಂದ ಒತ್ತಡ ಬಂದಿರಬೇಕು ಅಲ್ವಾ?" ಅಂತಾರೆ. ಒತ್ತಡದ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಅಲ್ಲಿ ಆಗಿದ್ದು ನಮ್ಮ ಕಸುಬಿನಲ್ಲಿ ಎಲ್ಲರೂ ಒಮ್ಮೆಯಾದರೂ ಮಾಡುವ ಒಂದು ತಪ್ಪು. ಆರೋಪದಲ್ಲಿ ಎರಡು ಭಾಗ ಇತ್ತು, ಸಮಿತಿ ಒಂದಕ್ಕೆ ಮಾತ್ರ ಉತ್ತರ ಬರೆಯಿತು.

2023ರ ಆಗಸ್ಟ್ 12. ಲಂಡನ್ನಿನ ಟ್ವಿಕನ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಆಡುತ್ತಿದ್ದವು. ವಿಶ್ವಕಪ್‌ಗೆ ಒಂದು ತಿಂಗಳೂ ಉಳಿದಿರಲಿಲ್ಲ. ಚೆಂಡು ಹಿಡಿದು ಓಡಿಬಂದ ವೇಲ್ಸಿನ ಟೇನ್ ಬ್ಯಾಶಮ್‌ನನ್ನು ಇಂಗ್ಲೆಂಡಿನ ನಾಯಕ ಫ್ಯಾರೆಲ್ ತಡೆದ. ಆ ದೃಶ್ಯವನ್ನು ನಿಧಾನಗತಿಯಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಬ್ಯಾಶಮ್ ಬರುತ್ತಾನೆ, ಇಂಗ್ಲೆಂಡಿನದೇ ಇನ್ನೊಬ್ಬ ಆಟಗಾರ ಜೇಮಿ ಜಾರ್ಜ್ ಅವನನ್ನು ಮೊದಲು ಹಿಡಿಯುತ್ತಾನೆ, ಆ ಹಿಡಿತಕ್ಕೆ ಬ್ಯಾಶಮ್‌ನ ದಿಕ್ಕು ಸ್ವಲ್ಪ ವಾಲುತ್ತದೆ, ಅಷ್ಟರಲ್ಲಿ ನೆಟ್ಟಗೆ ನಿಂತೇ ಬಂದ ಫ್ಯಾರೆಲ್‌ನ ಭುಜ ಅವನ ತಲೆಗೆ ಬಡಿಯುತ್ತದೆ. ಬ್ಯಾಶಮ್ ತಲೆಪೆಟ್ಟಿನ ಪರೀಕ್ಷೆಗೆ ಅಂತ ಮೈದಾನ ಬಿಟ್ಟ. ಜಾರ್ಜಿಯಾ ದೇಶದ ರೆಫ್ರಿ ನಿಕಾ ಅಮಶುಕೇಲಿ ಹಳದಿ ಕಾರ್ಡು ತೋರಿಸಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹಳದಿ ಅಂದರೆ 10 ನಿಮಿಷ ಹೊರಗೆ. ಆದರೆ ಆ ಬೇಸಿಗೆಯಲ್ಲಿ ಬಂಕರ್ ಅನ್ನುವ ಹೊಸ ಪದ್ಧತಿ ಬಂದಿತ್ತು. ಆಟಗಾರ ಹೊರಗೆ ಕೂತಿರುವಾಗ, ಇನ್ನೊಬ್ಬ ಅಧಿಕಾರಿ ಬೇರೆ ಜಾಗದಲ್ಲಿ ಕೂತು ಎಲ್ಲ ಕ್ಯಾಮೆರಾದ ದೃಶ್ಯ ನೋಡಿ, 8 ನಿಮಿಷದೊಳಗೆ ಹಳದಿಯೇ ಸಾಕೋ ಕೆಂಪು ಬೇಕೋ ಅಂತ ಹೇಳುತ್ತಾನೆ. ಬಂಕರ್ ಕೆಂಪು ಅಂದಿತು. ಫ್ಯಾರೆಲ್ ಮತ್ತೆ ಒಳಗೆ ಬರಲಿಲ್ಲ. ಇಂಗ್ಲೆಂಡ್ ಹೇಗೋ 19-17ರಲ್ಲಿ ಗೆದ್ದಿತು.

ಬಂಕರ್‌ನವರು ಮನಸ್ಸಿಗೆ ಬಂದಂತೆ ಹೇಳುವುದಿಲ್ಲ. ತಲೆಗೆ ಪೆಟ್ಟಾದಾಗ ಅವರ ಮುಂದೆ ನಾಲ್ಕು ಪ್ರಶ್ನೆ ಇರುತ್ತವೆ. ತಲೆಗೆ ತಾಗಿತೇ? ಅದು ಫೌಲ್ ಆಟವೇ? ಅಪಾಯ ಎಷ್ಟು? ರಿಯಾಯಿತಿ ಕೊಡುವಂಥ ಕಾರಣ ಇದೆಯೇ? ಅಪಾಯ ಜಾಸ್ತಿ ಅಂದರೆ ಕೆಂಪು. ಎದುರಾಳಿ ಕೊನೇ ಕ್ಷಣದಲ್ಲಿ ಬಗ್ಗಿದ, ದಿಕ್ಕು ಬದಲಿಸಿದ ಅನ್ನುವಂಥ ಕಾರಣ ಇದ್ದರೆ ಒಂದು ಮೆಟ್ಟಿಲು ಇಳಿಸಿ ಹಳದಿ. ಆದರೆ ನಾಲ್ಕನೇ ಪ್ರಶ್ನೆಗೆ ಒಂದು ಬಾಗಿಲು ಇದೆ. ಬೇಕಂತಲೇ ಮಾಡಿದ್ದರೆ, ಅಥವಾ ಎದುರಾಳಿ ಎಲ್ಲೇ ಇದ್ದಿದ್ದರೂ ಆ ಹೊಡೆತ ನಿಯಮದ ಹೊರಗೇ ಆಗುತ್ತಿತ್ತು ಅಂದರೆ, ಆ ಬಾಗಿಲು ತೆರೆಯುವುದೇ ಇಲ್ಲ. ರಿಯಾಯಿತಿಯ ಮಾತೇ ಬರುವುದಿಲ್ಲ.

ರಗ್ಬಿಯಲ್ಲಿ ಟ್ಯಾಕಲ್ ಮಾಡುವವನು, ಅಂದರೆ ಚೆಂಡು ಹಿಡಿದವನನ್ನು ತಡೆದು ಕೆಡವುವವನು, ಕೈ ಬಳಸಬೇಕು. ಎದುರಾಳಿಯನ್ನು ತಬ್ಬಿ ಹಿಡಿಯುವ ಪ್ರಯತ್ನವಾದರೂ ಮಾಡಬೇಕು. ಕೈ ಮಡಿಸಿಕೊಂಡು ಸುಮ್ನೆ ಭುಜದಿಂದ ಗುದ್ದಿದರೆ ಅದು ಸೊಂಟಕ್ಕೆ ಬಿದ್ದರೂ ಫೌಲು, ತಲೆಗೆ ಬಿದ್ದರೂ ಫೌಲು. ಆದ್ದರಿಂದ ಬ್ಯಾಶಮ್ ವಾಲಿದನೋ ಇಲ್ಲವೋ ಅಂತ ಕೇಳುವ ಮುಂಚೆ ಕೇಳಬೇಕಾದ ಮಾತು ಒಂದಿತ್ತು: ಫ್ಯಾರೆಲ್ ಕೈ ಎಲ್ಲಿತ್ತು?

ಆಗಸ್ಟ್ 15ರಂದು ಮೂವರು ಆಸ್ಟ್ರೇಲಿಯಾದವರ ಸ್ವತಂತ್ರ ಸಮಿತಿ ಕೇಸು ಕೇಳಿತು. ಅಧ್ಯಕ್ಷರು ಆ್ಯಡಂ ಕ್ಯಾಸೆಲ್ಡನ್, ಅಲ್ಲಿನ ಹಿರಿಯ ವಕೀಲರು. ಸಮಿತಿ ಹೇಳಿದ್ದು ಇಷ್ಟು. ಫೌಲ್ ಆಗಿದೆ, ಆದರೆ ಜೇಮಿ ಜಾರ್ಜ್ ಮಧ್ಯೆ ಬಂದದ್ದರಿಂದ ಬ್ಯಾಶಮ್‌ನ ದಿಕ್ಕು ಹಠಾತ್ತನೆ ಬದಲಾಯಿತು, ಹಾಗಾಗಿ ಹಳದಿ ಸಾಕಿತ್ತು. ಬಂಕರ್ ಅಧಿಕಾರಿಯನ್ನು ದೂರಲಿಲ್ಲ. ಅವರಿಗೆ ಕೆಲವೇ ನಿಮಿಷ ಇತ್ತು, ನಮಗೆ ಸಮಯ ಇತ್ತು, ಆಟಗಾರನ ಮಾತು ಕೇಳುವ ಅವಕಾಶವೂ ಇತ್ತು ಅಂತ ಹೇಳಿದರು. ಒಳ್ಳೇ ಮಾತು. ದಿಕ್ಕು ಬದಲಾದದ್ದೂ ಸುಳ್ಳಲ್ಲ, ವಿಡಿಯೋದಲ್ಲಿ ಕಾಣುತ್ತದೆ. ಆದರೆ ಕೈ ವಿಷಯ ತೀರ್ಪಿನಲ್ಲಿ ಬರಲೇ ಇಲ್ಲ.

ಜನ ಯಾಕೆ ರೇಗಿದರು ಅಂತ ನನಗೆ ಚೆನ್ನಾಗಿ ಅರ್ಥ ಆಗುತ್ತದೆ. ಅದೇ ದಿನಗಳಲ್ಲಿ ಟೊಂಗಾದ ಜಾರ್ಜ್ ಮೊವಾಲಾಗೆ, ಕೆನಡಾ ವಿರುದ್ಧ ಎದುರಾಳಿಯನ್ನು ಎತ್ತಿ ಹಾಕಿದ ಟ್ಯಾಕಲ್‌ಗೆ, 10 ವಾರದಿಂದ ಶುರು ಮಾಡಿ 5ಕ್ಕೆ ಇಳಿಸಿದ ನಿಷೇಧ ಬಿದ್ದಿತ್ತು. ಅದು ಬೇರೆ ಥರದ ತಪ್ಪು, ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗುವುದಿಲ್ಲ, ನಿಜ. ಆದರೆ ಸಣ್ಣ ದೇಶದವನಿಗೆ ಒಂದು, ಇಂಗ್ಲೆಂಡಿನ ನಾಯಕನಿಗೆ ಇನ್ನೊಂದು ಅನ್ನುವ ನೋವು ಪೆಸಿಫಿಕ್ ದ್ವೀಪಗಳ ಆಟಗಾರರಲ್ಲಿ ಹಳೇದು. ಆ ನೋವಿಗೆ ಎದುರಾಗಿ ನಿಲ್ಲಬೇಕಾದರೆ ತೀರ್ಪಿನ ಪ್ರತಿ ಸಾಲೂ ಗಟ್ಟಿ ಇರಬೇಕಿತ್ತು.

ನನ್ನ ಒಂದು ವರದಿಯ ಕಥೆ ಹೇಳುತ್ತೇನೆ. ವೃತ್ತಿಗೆ ಬಂದು ನಾಲ್ಕೈದು ವರ್ಷ ಆಗಿತ್ತು. ಒಂದು ಕಾರ್ಖಾನೆಯ ಗೋಡೌನ್‌ನಲ್ಲಿ ಫೋರ್ಕ್‌ಲಿಫ್ಟ್ ತಿರುವಿನಲ್ಲಿ ಬಂದು ಲೋಡಿಂಗ್ ಹುಡುಗನೊಬ್ಬನ ಕಾಲಿಗೆ ತಾಗಿತ್ತು. ಡ್ರೈವರ್ ಮೇಲಿನ ಆರೋಪ ಎರಡು: ಜೋರಾಗಿ ಓಡಿಸಿದ, ತಿರುವಿನಲ್ಲಿ ಹಾರ್ನ್ ಹೊಡೆಯಲಿಲ್ಲ. ನಾನು ಬ್ರೇಕ್ ರಿಪೇರಿಯ ರಿಜಿಸ್ಟರ್ ತರಿಸಿದೆ, ನೆಲದ ಮೇಲಿನ ಟೈರ್ ಗುರುತಿನ ಫೋಟೋ ನೋಡಿದೆ, ಮೂರು ಸಾಕ್ಷಿಗಳನ್ನು ಕೇಳಿದೆ. ಬ್ರೇಕೇ ಸರಿ ಇರಲಿಲ್ಲ, ವೇಗದ ಆರೋಪ ಸಾಬೀತಾಗಿಲ್ಲ ಅಂತ ಹನ್ನೊಂದು ಪುಟ ಬರೆದೆ. ಆ ಡ್ರೈವರ್‌ಗೆ ನ್ಯಾಯ ಕೊಡಿಸಿದೆ ಅಂತಲೇ ಅಂದುಕೊಂಡಿದ್ದೆ. ವರದಿ ಪಡೆದ ಹಿರಿಯ ಅಧಿಕಾರಿ ಪುಟ ತಿರುಗಿಸುತ್ತಾ ಹೋದರು. ಕೊನೇ ಪುಟ ಆದ ಮೇಲೆ ಮತ್ತೆ ಮೊದಲಿಂದ ತಿರುಗಿಸಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು: "ಹಾರ್ನ್ ವಿಷಯ ಎಲ್ಲಿ ಬರೆದಿದ್ದೀರಿ ಸ್ವಾಮಿ?"

ಎಲ್ಲೂ ಬರೆದಿರಲಿಲ್ಲ. ಬ್ರೇಕ್ ಎಷ್ಟೇ ಕೆಟ್ಟಿರಲಿ, ಹಾರ್ನ್ ಕೆಲಸ ಮಾಡುತ್ತಿತ್ತು ತಾನೇ? ವರದಿ ವಾಪಸ್ ಬಂತು. ಹಾರ್ನ್ ಬಗ್ಗೆ ಮತ್ತೆ ಹಿಯರಿಂಗ್ ಆಯಿತು. ಆರೋಪ ಮುಗಿಯಿತು ಅಂತ ಮನೆಯಲ್ಲಿ ಹೇಳಿಕೊಂಡಿದ್ದ ಆ ಮನುಷ್ಯ ಮತ್ತೆ ನನ್ನೆದುರು ಬಂದು ಕೂತಾಗ ಅವನ ಮುಖ ನೋಡಲು ನನಗೆ ಕಷ್ಟ ಆಯಿತು. ಅವನಿಗೆ ಪರವಾಗಿ ಬರೆದ ಅರ್ಧ ವರದಿ ಅವನಿಗೇ ಎರಡು ಸಲ ಶಿಕ್ಷೆ ಕೊಟ್ಟ ಹಾಗಾಯಿತು.

ಫ್ಯಾರೆಲ್‌ಗೆ ಆಗಿದ್ದೂ ಇದೇ. ಆಟದ ಆಡಳಿತ ಮಂಡಳಿ ವರ್ಲ್ಡ್ ರಗ್ಬಿ ತಾನೇ ಮೇಲ್ಮನವಿ ಹಾಕಿತು. ಆಗಸ್ಟ್ 22ರಂದು ನೈಜಲ್ ಹ್ಯಾಂಪ್ಟನ್ ಅಧ್ಯಕ್ಷತೆಯ ಮೇಲ್ಮನವಿ ಸಮಿತಿ ಕೂತಿತು. ಸಾಮಾನ್ಯವಾಗಿ ಮೇಲಿನವರು ಕೆಳಗಿನವರ ತೀರ್ಮಾನದ ಜಾಗದಲ್ಲಿ ತಮ್ಮದನ್ನು ಇಡಲು ಹೋಗುವುದಿಲ್ಲ. ನಾನಾಗಿದ್ದರೆ ಬೇರೆ ಥರ ಬರೆಯುತ್ತಿದ್ದೆ ಅನ್ನುವುದು ಮೇಲ್ಮನವಿಗೆ ಕಾರಣ ಆಗುವುದಿಲ್ಲ. ಇಲ್ಲಿ ಅವರಿಗೆ ಸಿಕ್ಕಿದ್ದು ಆ ಬಿಟ್ಟುಹೋದ ಭಾಗ. ತಬ್ಬಿ ಹಿಡಿಯುವ ಪ್ರಯತ್ನ ಇರಲಿಲ್ಲ ಅನ್ನುವುದು ಬಂಕರ್ ವರದಿಯ ಮುಖ್ಯ ಅಂಶ, ಮೊದಲ ತೀರ್ಪು ಅದನ್ನು ಮುಟ್ಟಿಲ್ಲ, ಹಾಗಾಗಿ ಆ ಒಂದು ವಿಷಯವನ್ನು ಹೊಸದಾಗಿ ಕೇಳುತ್ತೇವೆ ಅಂದರು. ಕೇಳಿದ ಮೇಲೆ, ಈ ಟ್ಯಾಕಲ್ ಯಾವ ಸ್ಥಿತಿಯಲ್ಲೂ ನಿಯಮದೊಳಗೆ ಬರುತ್ತಿರಲಿಲ್ಲ ಅಂತ ತೀರ್ಮಾನಿಸಿದರು. ಬಾಗಿಲು ಮುಚ್ಚಿತು. ಬ್ಯಾಶಮ್ ಎಷ್ಟು ವಾಲಿದ ಅನ್ನುವುದಕ್ಕೆ ಬೆಲೆ ಉಳಿಯಲಿಲ್ಲ. ಕೆಂಪು ಕಾರ್ಡು ನಿಂತಿತು.

ಇಲ್ಲಿಂದ ಮುಂದೆ ಜನ ತುಂಬಾ ಗಲಿಬಿಲಿ ಮಾಡಿಕೊಳ್ಳುವ ಜಾಗ. ರಿಯಾಯಿತಿ ಇಲ್ಲ ಅಂದಮೇಲೆ 6 ವಾರ ಹೇಗೆ 4 ಪಂದ್ಯ ಆಯಿತು ಅಂತ ಕೇಳುತ್ತಾರೆ. ರಿಯಾಯಿತಿ ಎರಡು ಕಡೆ ಬರುತ್ತದೆ. ಒಂದು, ಕಾರ್ಡಿನ ಬಣ್ಣ ತೀರ್ಮಾನಿಸುವಾಗ. ಅಲ್ಲಿ ನೋಡುವುದು ಆ ಅರ್ಧ ಸೆಕೆಂಡಿನಲ್ಲಿ ಮೈದಾನದಲ್ಲಿ ಏನಾಯಿತು ಅನ್ನುವುದನ್ನು. ಇನ್ನೊಂದು, ಶಿಕ್ಷೆಯ ಅಳತೆ ಮಾಡುವಾಗ. ಅಲ್ಲಿ ನೋಡುವುದು ಆಟಗಾರನನ್ನು. ತಪ್ಪು ಒಪ್ಪಿಕೊಂಡನೇ, ಕ್ಷಮೆ ಕೇಳಿದನೇ, ಹಿಂದಿನ ನಡತೆ ಹೇಗಿದೆ. ತಲೆಗೆ ಪೆಟ್ಟು ಬಿದ್ದು ಕೆಂಪು ಕಾರ್ಡು ಬಂದರೆ ಕನಿಷ್ಠ ಮಧ್ಯಮ ದರ್ಜೆ, ಅಂದರೆ 6 ವಾರದಿಂದಲೇ ಶುರು. ಅದರಿಂದ ಹೆಚ್ಚೆಂದರೆ ಅರ್ಧ ಇಳಿಸಬಹುದು. ಫ್ಯಾರೆಲ್‌ಗೆ 2 ಇಳಿಸಿದರು, ಉಳಿದದ್ದು 4.

ಇಲ್ಲಿ ನನ್ನ ತಕರಾರು ಇದೆ. ಅವನಿಗೆ 2020ರಲ್ಲಿ, ವಾಸ್ಪ್ಸ್ ತಂಡದ ಎಳೆಯ ಆಟಗಾರ ಚಾರ್ಲಿ ಆಟ್ಕಿನ್ಸನ್‌ನ ತಲೆಗೆ ಹೊಡೆದದ್ದಕ್ಕೆ 5 ಪಂದ್ಯದ ನಿಷೇಧ ಆಗಿತ್ತು. 2023ರ ಜನವರಿಯಲ್ಲೂ ಇಂಥದ್ದೇ ಟ್ಯಾಕಲ್‌ಗೆ ಇನ್ನೊಂದು. ಅಷ್ಟೆಲ್ಲ ಆದ ಮೇಲೆ ಒಳ್ಳೆಯ ನಡತೆ ಅನ್ನುವ ತಲೆಬರಹದಡಿ ಏನಾದರೂ ಇಳಿಸುವುದು ಸರಿಯಲ್ಲ. ಮನುಷ್ಯ ಒಳ್ಳೆಯವನು ಅನ್ನುವುದು ಬೇರೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಒಪ್ಪಿಕೊಂಡದ್ದಕ್ಕೆ, ಪಶ್ಚಾತ್ತಾಪಕ್ಕೆ ಅಂತ ಒಂದು ವಾರ ಇಳಿಸಿದ್ದರೆ ಸಾಕಿತ್ತು. 5 ಆಗಬೇಕಿತ್ತು ಅನ್ನುವುದು ನನ್ನ ಲೆಕ್ಕ.

ಕಾರ್ಡು ರದ್ದಾಗಿ, ಆ ರದ್ದು ಹಾಗೆಯೇ ನಿಂತ ಕೇಸೂ ಇದೆ. ಅದೇ ವರ್ಷ ಮಾರ್ಚ್ 18, ಡಬ್ಲಿನ್. ಇಂಗ್ಲೆಂಡಿನ ಫ್ರೆಡ್ಡಿ ಸ್ಟೂವರ್ಡ್ ಓಡಿಬರುತ್ತಿದ್ದ. ಐರ್ಲೆಂಡಿನ ಹ್ಯೂಗೋ ಕೀನನ್ ಬಿದ್ದ ಚೆಂಡು ಎತ್ತಲು ಬಗ್ಗಿದ. ಸ್ಟೂವರ್ಡ್ ಪಕ್ಕಕ್ಕೆ ತಿರುಗಿಕೊಂಡ, ಮೊಣಕೈ ಕೀನನ್ ತಲೆಗೆ ಬಡಿಯಿತು. ಕೆಂಪು. ನಂತರ ಸಮಿತಿ ಹೇಳಿತು: ತಲೆಗೆ ತಾಗಿದೆ, ಅಜಾಗ್ರತೆ ಇದೆ, ಅಪಾಯವೂ ಜಾಸ್ತಿಯೇ, ಆದರೆ ಎದುರಾಳಿಯ ಸ್ಥಾನ ಕೊನೇ ಗಳಿಗೆಯಲ್ಲಿ ಬದಲಾಗಿದೆ, ಹಳದಿ ಸಾಕಿತ್ತು. ನಾಲ್ಕೂ ಪ್ರಶ್ನೆಗೆ ಉತ್ತರ ಇದೆ ನೋಡಿ. ಐರ್ಲೆಂಡ್‌ನವರು ಒಪ್ಪದಿರಬಹುದು, ಆದರೆ ಎಲ್ಲಿ ಒಪ್ಪುವುದಿಲ್ಲ ಅಂತ ಬೆರಳಿಟ್ಟು ತೋರಿಸಲಿಕ್ಕೆ ಒಂದು ಜಾಗ ಇದೆ. ಇಂಗ್ಲೆಂಡ್ ಮಾತ್ರ ಅರ್ಧ ಪಂದ್ಯ 15ರ ಬದಲು 14 ಜನರಲ್ಲಿ ಆಡಿ 29-16ರಲ್ಲಿ ಸೋತಿತ್ತು. ಕಾರ್ಡು ಅಳಿಸಬಹುದು, ಸ್ಕೋರ್ ಅಳಿಸಲಾಗುವುದಿಲ್ಲ.

ನನಗೆ ಇದಕ್ಕಿಂತ ಜಾಸ್ತಿ ಬೇಸರ ತರುವುದು ಕಾರಣವೇ ಬರೆಯದ ತೀರ್ಮಾನಗಳು. 2023ರ ಸೆಪ್ಟೆಂಬರ್ 9, ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ಟಾಮ್ ಕರಿ ಮೂರನೇ ನಿಮಿಷದಲ್ಲೇ ಅರ್ಜೆಂಟೀನಾದವನ ತಲೆಗೆ ತಲೆ ಡಿಕ್ಕಿ ಹೊಡೆದು ಹೊರಗೆ ಹೋದ, ಬಂಕರ್ ಕೆಂಪು ಮಾಡಿತು. ಮಾರನೇ ದಿನ ದಕ್ಷಿಣ ಆಫ್ರಿಕಾದ ಜೆಸ್ಸಿ ಕ್ರೀಲ್, ಸ್ಕಾಟ್ಲೆಂಡಿನ ಜ್ಯಾಕ್ ಡೆಂಪ್ಸಿ ಜೊತೆ ಹೆಚ್ಚೂಕಮ್ಮಿ ಅಂಥದ್ದೇ ಡಿಕ್ಕಿ. ಕಾರ್ಡು ಇಲ್ಲ. ರೆಫ್ರಿ ಕಣ್ಣಿಗೆ ಬೀಳದ್ದನ್ನು ಪಂದ್ಯದ ನಂತರ ಹಿಡಿಯಲಿಕ್ಕೆ ಸೈಟಿಂಗ್ ಕಮಿಷನರ್ ಅಂತ ಒಬ್ಬರು ಇರುತ್ತಾರೆ. ಕೆಂಪು ಕಾರ್ಡಿನ ಮಟ್ಟದ ತಪ್ಪು ಅನ್ನಿಸಿದರೆ ಅವರು ಕೇಸು ಹಾಕಬಹುದು. ಕ್ರೀಲ್ ಮೇಲೆ ಹಾಕಲಿಲ್ಲ. ಹಾಕಿದ್ದರೆ ವಿಚಾರಣೆ ನಡೆದು ಕಾರಣ ಹೊರಗೆ ಬರುತ್ತಿತ್ತು. 2005ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ನ್ಯೂಜಿಲೆಂಡಿನ ಟಾನಾ ಉಮಾಗಾ ಮತ್ತು ಕೆವೆನ್ ಮೆಯಲಾಮು ಬ್ರಿಟನ್-ಐರ್ಲೆಂಡ್ ಜಂಟಿ ತಂಡವಾದ ಲಯನ್ಸ್‌ನ ನಾಯಕ, ಐರ್ಲೆಂಡಿನ ಬ್ರಯನ್ ಓ'ಡ್ರಿಸ್ಕಾಲ್‌ನನ್ನು ಎತ್ತಿ ನೆಲಕ್ಕೆ ಹಾಕಿ, ಅವನ ಭುಜದ ಕೀಲು ತಪ್ಪಿದಾಗಲೂ ಕೇಸು ಹಾಕಲಿಲ್ಲ. ಐರ್ಲೆಂಡಿನ ಜನ ಅದನ್ನು ಇವತ್ತಿಗೂ ಮರೆತಿಲ್ಲ. ಯಾಕೆ ಕೇಸು ಹಾಕಿಲ್ಲ ಅಂತ ಅರ್ಧ ಪುಟ ಬರೆದು ಪ್ರಕಟಿಸುವುದು ಕಷ್ಟದ ಕೆಲಸವೇನಲ್ಲ. ಕಡ್ಡಾಯ ಮಾಡಬೇಕು.

ಇಷ್ಟೆಲ್ಲ ಯಾಕೆ ಅಂದರೆ, ತಲೆ ಪೆಟ್ಟು ಅನ್ನುವುದು ಈ ಆಟದಲ್ಲಿ ಈಗ ಬರೀ ನಿಯಮದ ವಿಷಯ ಅಲ್ಲ. 2003ರಲ್ಲಿ ಇಂಗ್ಲೆಂಡಿಗೆ ವಿಶ್ವಕಪ್ ಗೆದ್ದ ಸ್ಟೀವ್ ಥಾಂಪ್ಸನ್, ಆ ಗೆಲುವೇ ತನಗೆ ನೆನಪಿಲ್ಲ ಅಂತ 2020ರಲ್ಲಿ ಹೇಳಿದರು. ನಲವತ್ತೆರಡರ ವಯಸ್ಸಿಗೆ ಡಿಮೆನ್ಶಿಯಾ. ಬ್ಯಾಶಮ್ ಹೊರಗೆ ಹೋಗುವುದನ್ನು ನೋಡುವಾಗ ನನಗೆ ಅವರೇ ನೆನಪಾಗುತ್ತಾರೆ.

ಹಾಗಂತ ಫ್ಯಾರೆಲ್‌ನ ಆ ಹತ್ತು ದಿನವನ್ನೂ ಮರೆಯಬಾರದು. ಕೆಂಪು, ಕೆಂಪು ರದ್ದು, ಮತ್ತೆ ಕೆಂಪು. ಮಧ್ಯದಲ್ಲಿ ಆಗಸ್ಟ್ 19ಕ್ಕೆ ಐರ್ಲೆಂಡ್ ಜೊತೆ ಪಂದ್ಯ, ಆ ತಂಡದ ಕೋಚ್ ಅವನ ಅಪ್ಪ ಆ್ಯಂಡಿ. ಕೇಸು ತೀರ್ಮಾನ ಆಗಿಲ್ಲ ಅಂತ ಅವನು ಆಡದೆ ಕೂತ, ಅದನ್ನು ನಾಲ್ಕರಲ್ಲಿ ಒಂದಾಗಿ ಲೆಕ್ಕ ಹಿಡಿದದ್ದು ಸರಿಯಾಗಿಯೇ ಇತ್ತು. ಫಿಜಿ, ಅರ್ಜೆಂಟೀನಾ, ಜಪಾನ್ ಉಳಿದ ಮೂರು. ಸೆಪ್ಟೆಂಬರ್ 23ಕ್ಕೆ ಚಿಲಿ ವಿರುದ್ಧ ವಾಪಸ್ ಬಂದ. ನವೆಂಬರ್‌ನಲ್ಲಿ, ತನ್ನ ಮತ್ತು ಮನೆಯವರ ಮನಸ್ಸಿನ ನೆಮ್ಮದಿಗಾಗಿ ಅಂತರರಾಷ್ಟ್ರೀಯ ಆಟದಿಂದ ದೂರ ಇರುತ್ತೇನೆ ಅಂತ ತಿಳಿಸಿದ. ಆಗಸ್ಟ್ 15ರಂದೇ ಆ ಮೂವರು ಕೈ ವಿಷಯ ಕೇಳಿ ಉತ್ತರ ಬರೆದಿದ್ದರೆ, ಅದು ಏನೇ ಆಗಿರಲಿ, ಅವನಿಗೆ ಒಂದೇ ಸಲ ಕೇಳಿಸಿಕೊಳ್ಳುವುದಿರುತ್ತಿತ್ತು.