ಕದ್ರಿಯ ಮಾತು, ಬ್ರಹ್ಮಾವರದ ಕಂಬ: ಮಂಗಳೂರು ಆಕಾಶವಾಣಿ ನಡೆದು ಬಂದ ದಾರಿ

ಮಂಗಳೂರು ಆಕಾಶವಾಣಿಯ ಸ್ಟುಡಿಯೊ ಇರುವುದು ಕದ್ರಿ ಗುಡ್ಡದ ಮೇಲೆ. ಆದರೆ ಅದರ ಮೀಡಿಯಂ ವೇವ್, ಅಂದರೆ ಎಫ್‌ಎಂಗಿಂತ ಹಳೆಯದಾದ ಉದ್ದನೆಯ ಅಲೆಯ, ಪ್ರಸಾರಕ್ಕೆಂದು ಕಂಬ ನೆಟ್ಟದ್ದು ಅಲ್ಲಿಂದ ಸುಮಾರು 70 ಕಿಲೋಮೀಟರ್ ಉತ್ತರಕ್ಕೆ, ಉಡುಪಿ ದಾಟಿದ ಮೇಲೆ ಸಿಗುವ ಬ್ರಹ್ಮಾವರದಲ್ಲಿ. ಮಾತನಾಡುವುದು ಒಂದೂರಿನಲ್ಲಿ, ಆ ಮಾತು ಗಾಳಿಗೇರುವುದು ಇನ್ನೊಂದೂರಿನಲ್ಲಿ. ಈ ನಿಲಯ ಯಾರಿಗಾಗಿ ಹುಟ್ಟಿತು ಎಂಬುದಕ್ಕೆ ಉತ್ತರ ಈ ಅಂತರದಲ್ಲೇ ಇದೆ. ಮುಂದಿನ ಐದು ದಶಕಗಳಲ್ಲಿ ಸಿಗ್ನಲ್ ಬದಲಾದಾಗಲೆಲ್ಲ ಕೇಳುಗರು ಬದಲಾದರು. ಕೇಳುಗರು ಬದಲಾದಂತೆ ಕಾರ್ಯಕ್ರಮಗಳ ಸ್ವರೂಪವೂ ಬದಲಾಯಿತು. ಎರಡನ್ನೂ ಬೇರೆ ಬೇರೆ ಕಥೆಯಾಗಿ ಹೇಳಲಾಗದು.

ನಿಲಯ ಆರಂಭವಾದದ್ದು 1976ರ ಡಿಸೆಂಬರ್ 11ರಂದು. ಅದಕ್ಕೂ ಮೊದಲು ಕರಾವಳಿಯವರು ಕನ್ನಡ ಕೇಳಬೇಕಾದರೆ ಘಟ್ಟದ ಮೇಲಿನ ನಿಲಯಗಳನ್ನೇ ಹುಡುಕಬೇಕಿತ್ತು. ಧಾರವಾಡ ನಿಲಯ 1950ರಲ್ಲಿ, ಬೆಂಗಳೂರು 1955ರಲ್ಲಿ, ಭದ್ರಾವತಿ 1965ರಲ್ಲಿ ಬಂದವು. ದಕ್ಷಿಣಕ್ಕೆ 1950ರಿಂದಲೇ ಕೋಝಿಕ್ಕೋಡ್ ನಿಲಯವಿತ್ತು, ಅದರ ಭಾಷೆ ಮಲಯಾಳಂ. ಚಿತ್ರಗೀತೆಗೆ ಶ್ರೀಲಂಕಾದ ರೇಡಿಯೊ ಸಿಲೋನ್ ಇತ್ತು. ಕನ್ನಡ ಎಲ್ಲೋ ದೂರದಿಂದ ಬರುತ್ತಿತ್ತು. ಆದರೆ ಮನೆಯೊಳಗೆ, ಅಂಗಡಿಯಲ್ಲಿ, ಗದ್ದೆಯಲ್ಲಿ ಆಡುವ ತುಳು, ಕೊಂಕಣಿ, ಬ್ಯಾರಿಗಳಿಗೆ ಈ ನೆಲದ್ದೇ ಆದ ನಿಲಯವಿರಲಿಲ್ಲ. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸನ್ಸ್ ಮಾಡಿಸಿ ವರ್ಷ ವರ್ಷ ಹಣ ಕಟ್ಟಬೇಕಿದ್ದ ಕಾಲವದು. ಹಣ ಕಟ್ಟಿಯೂ ತಮ್ಮ ಮಾತು ಕೇಳದ ಜನರ ಕೊರತೆ ಸಣ್ಣದಾಗಿರಲಿಲ್ಲ.

ಕಂಬಕ್ಕೆ ಬ್ರಹ್ಮಾವರವೇ ಏಕೆ? ನಕ್ಷೆ ನೋಡಿದರೆ ಅರ್ಥವಾಗುತ್ತದೆ. ಆಗಿನ ದಕ್ಷಿಣ ಕನ್ನಡ ಜಿಲ್ಲೆ ಈಗಿನದಲ್ಲ. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಕುಂದಾಪುರ, ಬೈಂದೂರುಗಳೂ ಮಂಗಳೂರಿಗೇ ಸೇರಿದ್ದವು. ಮಂಗಳೂರಿನಲ್ಲೇ ಕಂಬ ನೆಟ್ಟಿದ್ದರೆ ಜಿಲ್ಲೆಯ ಉತ್ತರದ ತುದಿ ದೂರವಾಗಿ ಉಳಿಯುತ್ತಿತ್ತು. ಇನ್ನು ಮೀಡಿಯಂ ವೇವ್‌ಗೆ ಎತ್ತರದ ಗುಡ್ಡ ಬೇಕಿಲ್ಲ. ಅದರ ಅಲೆ ನೆಲಕ್ಕೆ ಅಂಟಿಕೊಂಡೇ ಸಾಗುತ್ತದೆ. ಕಂಬದ ಬುಡದಿಂದ ಸುತ್ತಲೂ ತಾಮ್ರದ ತಂತಿಗಳನ್ನು ನೆಲದೊಳಗೆ ಹೂಳುತ್ತಾರೆ. ನೆಲ ತೇವವಾಗಿದ್ದಷ್ಟೂ ಅಲೆ ದೂರ ಹೋಗುತ್ತದೆ. ಕಡಲ ಸೀಮೆಯ ತಗ್ಗು ನೆಲ ಅದಕ್ಕೆ ಹೇಳಿ ಮಾಡಿಸಿದಂಥದು. ಪಕ್ಕದಲ್ಲೇ ಅರಬ್ಬಿ ಸಮುದ್ರ. ಉಪ್ಪುನೀರು ಸಾಮಾನ್ಯ ಮಣ್ಣಿಗಿಂತ ನೂರಾರು ಪಟ್ಟು ಸಲೀಸಾಗಿ ವಿದ್ಯುತ್ತನ್ನು ಹರಿಸುತ್ತದೆ. ಹೀಗಾಗಿ ಘಟ್ಟದ ಕಡೆಗೆ ಹೋಗುತ್ತಾ ಸೊರಗುವ ಅಲೆ, ಪಡುವಣಕ್ಕೆ, ಮೀನು ಹಿಡಿಯಲು ಹೋದವರ ಕಡೆಗೆ, ಸರಾಗವಾಗಿ ಸಾಗುತ್ತದೆ.

ಸ್ಥಾವರದ ಸಾಮರ್ಥ್ಯ 20 ಕಿಲೋವ್ಯಾಟ್. ಧಾರವಾಡ, ಬೆಂಗಳೂರುಗಳ 200 ಕಿಲೋವ್ಯಾಟ್ ಸ್ಥಾವರಗಳ ಮುಂದೆ ಇದು ಕಿರಿಯದು. ಆದರೆ ಒಂದು ಜಿಲ್ಲೆಗೆ ಸಾಕಾಗುವಷ್ಟು. ಕಂಪನಾಂಕ 1089 ಕಿಲೋಹರ್ಟ್ಸ್, ಅಂದರೆ ಸುಮಾರು 275 ಮೀಟರ್ ಉದ್ದದ ಅಲೆ. 1089 ಎಂಬುದು ಯಾರೋ ಆರಿಸಿದ ಅದೃಷ್ಟ ಸಂಖ್ಯೆಯಲ್ಲ. 1975ರ ಜಿನೀವಾ ಒಪ್ಪಂದದಂತೆ ಏಷ್ಯಾ, ಯುರೋಪ್, ಆಫ್ರಿಕಾಗಳ ಮೀಡಿಯಂ ವೇವ್ ನಿಲಯಗಳೆಲ್ಲ 1978ರ ನವೆಂಬರ್‌ನಿಂದ ಒಂಬತ್ತು ಒಂಬತ್ತು ಕಿಲೋಹರ್ಟ್ಸ್ ಅಂತರದಲ್ಲಿ ಸಾಲುಗಟ್ಟಿದವು. ಧಾರವಾಡದ 765, ಭದ್ರಾವತಿಯ 675, ಬೆಂಗಳೂರಿನ 612 ಯಾವುದನ್ನು ಬೇಕಾದರೂ ಒಂಬತ್ತರಿಂದ ಭಾಗಿಸಿ ನೋಡಿ, ಶೇಷ ಉಳಿಯುವುದಿಲ್ಲ.

ಮನೆಯಲ್ಲಿ ಟ್ರಾನ್ಸಿಸ್ಟರ್ ಇದ್ದವರಿಗೆ ಇದರ ಇನ್ನೊಂದು ತುದಿ ಗೊತ್ತು. ಪೆಟ್ಟಿಗೆಯ ಹಿಂಬದಿ ಬಿಚ್ಚಿದರೆ ಸೀಸದಕಡ್ಡಿಯಂಥ ಕಪ್ಪು ಕಡ್ಡಿಯೊಂದು ಅಡ್ಡಲಾಗಿ ಕೂತಿರುತ್ತದೆ, ಅದಕ್ಕೆ ತೆಳುವಾದ ತಾಮ್ರದ ತಂತಿ ಸುತ್ತಿರುತ್ತದೆ. ಅದು ಫೆರೈಟ್ ಕಡ್ಡಿ, ಮೀಡಿಯಂ ವೇವ್‌ನ ಆಂಟೆನಾ. ಕಡ್ಡಿಯ ತುದಿ ಕಂಬದ ಕಡೆ ತಿರುಗಿದರೆ ಸದ್ದು ಅಡಗುತ್ತದೆ. ಅದರ ಮೈ ಕಂಬಕ್ಕೆ ಎದುರಾದರೆ ಸದ್ದು ತುಂಬಿ ಬರುತ್ತದೆ. ಹಿರಿಯರು ವಾರ್ತೆಯ ಹೊತ್ತಿಗೆ ರೇಡಿಯೊವನ್ನು ಮೇಜಿನ ಮೇಲೆ ಅತ್ತಿತ್ತ ತಿರುಗಿಸಿ, ಸರಿಯಾದ ಕೋನ ಸಿಕ್ಕಿದ ಮೇಲೆ ಯಾರಿಗೂ ಮುಟ್ಟಲು ಬಿಡದೆ ಇದ್ದುದಕ್ಕೆ ಕಾರಣ ಈ ಕಡ್ಡಿ.

ಇಷ್ಟು ಅಗಲ ಹರಡುವ ಅಲೆಗೆ ತಕ್ಕ ಕಾರ್ಯಕ್ರಮವೇ ಬೇಕಿತ್ತು. ಒಂದೇ ಕಂಪನಾಂಕದಲ್ಲಿ ಅಡಿಕೆ ತೋಟದವನೂ ಇದ್ದಾನೆ, ಬೀಡಿ ಕಟ್ಟುವವಳೂ ಇದ್ದಾಳೆ, ಬಂದರಿನವನೂ ಇದ್ದಾನೆ, ಕಾಲೇಜಿನ ಹುಡುಗಿಯೂ ಇದ್ದಾಳೆ. ಹಾಗಾಗಿ ದಿನವನ್ನು ಹಂಚಿಕೊಂಡು ಕೇಳುವ ಪದ್ಧತಿ ಬೆಳೆಯಿತು. ಬೆಳಗಿನ ಚಿಂತನ, ಏಳೂ ಐದರ ಪ್ರದೇಶ ಸಮಾಚಾರ, ರೈತರಿಗೆ ಕೃಷಿ, ಮಧ್ಯಾಹ್ನ ಹೆಂಗಸರಿಗೆ, ಸಂಜೆ ಯುವಕರಿಗೆ, ನಡುನಡುವೆ ಶಾಸ್ತ್ರೀಯ ಸಂಗೀತ. ಆಕಾಶವಾಣಿಯ ಬಹುತೇಕ ನಿಲಯಗಳ ಚೌಕಟ್ಟು ಇದೇ. ಮಂಗಳೂರಿನ ಸ್ವಂತಿಕೆ ಇದ್ದದ್ದು ಅದರೊಳಗೆ ತುಂಬಿದ ತುಳು, ಕೊಂಕಣಿ, ಬ್ಯಾರಿ ಕಾರ್ಯಕ್ರಮಗಳಲ್ಲಿ ಮತ್ತು ಯಕ್ಷಗಾನದಲ್ಲಿ.

ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯ ವಿಚಾರದಲ್ಲಂತೂ ಬಾನುಲಿಗೆಂದೇ ಹುಟ್ಟಿದ ಕಲೆಯೇನೋ ಎನಿಸುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಚೆಂಡೆ ಮದ್ದಳೆ, ಅರ್ಥಧಾರಿಗಳ ಮಾತು, ಇಷ್ಟೇ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಮಾತಿನಿಂದಲೇ ಕೌರವನನ್ನೂ ವಾಲಿಯನ್ನೂ ಕಣ್ಣೆದುರು ತಂದು ನಿಲ್ಲಿಸುತ್ತಿದ್ದ ಸೀಮೆಯಿದು. ಕೇಳುಗ ಕಳೆದುಕೊಳ್ಳುವುದು ಏನೂ ಇಲ್ಲ. ಒಂದೇ ತೊಡಕೆಂದರೆ ಸಮಯ: ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ಗಂಟೆ, ಅರ್ಧ ಗಂಟೆಗೆ ಇಳಿಸಬೇಕು. ಆ ಇಳಿಸುವಿಕೆಯಿಂದ ಮಾತಿಗೆ ಒಂದು ಬಿಗಿ ಬಂತೆಂದೇ ನನ್ನ ಭಾವನೆ.

ಮೀಡಿಯಂ ವೇವ್‌ನ ದೊಡ್ಡ ಶತ್ರು ನಮ್ಮ ಮಳೆಗಾಲ. ಮಿಂಚು ಹೊಡೆದಾಗಲೆಲ್ಲ ರೇಡಿಯೊ ಕರಕರ ಎನ್ನುತ್ತದೆ, ಏಕೆಂದರೆ ಈ ಪದ್ಧತಿಯಲ್ಲಿ ದನಿ ಕೂತಿರುವುದು ಅಲೆಯ ಏರಿಳಿತದಲ್ಲಿ, ಮಿಂಚು ಕೆಡಿಸುವುದೂ ಅದನ್ನೇ. ರಾತ್ರಿಯಾದರೆ ಇನ್ನೊಂದು ಕಾಟ: ಆಕಾಶದ ಮೇಲ್ಪದರದಿಂದ ಪ್ರತಿಫಲಿಸಿ ದೂರದ ನಿಲಯಗಳು ಬಂದು ಬೆರೆಯುತ್ತವೆ. ಎಫ್‌ಎಂನಲ್ಲಿ ದನಿ ಕೂತಿರುವುದು ಕಂಪನಾಂಕದ ಬದಲಾವಣೆಯಲ್ಲಿ. ಅದಕ್ಕೇ ಮಂಗಳೂರಿನ 100.3 ಮೆಗಾಹರ್ಟ್ಸ್ ಪ್ರಸಾರ ಬಂದಾಗ ಅದೇ ನಿಲಯ ಹೊಸದಾಗಿ ಕೇಳಿಸಿತು. ತಂಬೂರಿಯ ಶ್ರುತಿ, ಚೆಂಡೆಯ ಬಿಡಿ ಬಿಡಿ ಪೆಟ್ಟು, ಕಲಾವಿದ ಉಸಿರು ಎಳೆದುಕೊಳ್ಳುವುದು ಕೂಡ ಸ್ಪಷ್ಟ.

ಆದರೆ ಇದಕ್ಕೆ ಬೆಲೆಯೂ ಇತ್ತು. 100.3ರ ಅಲೆಯ ಉದ್ದ ಬರೀ ಮೂರು ಮೀಟರ್. ಅದು ನೆಲ ಹಿಡಿದು ಸಾಗುವುದಿಲ್ಲ, ಹೆಚ್ಚುಕಡಿಮೆ ಬೆಳಕಿನಂತೆ ನೇರ ಹೋಗುತ್ತದೆ. 150 ಮೀಟರ್ ಎತ್ತರದ ಆಂಟೆನಾದಿಂದ ಬಯಲಿನಲ್ಲಿ ಸುಮಾರು 50 ಕಿಲೋಮೀಟರ್‌ವರೆಗೆ ದಿಗಂತ ಎಂದು ಲೆಕ್ಕ. ನಮ್ಮದು ಬಯಲಲ್ಲ. ಸುಳ್ಯ, ಸುಬ್ರಹ್ಮಣ್ಯ, ಚಾರ್ಮಾಡಿಯ ಬುಡ, ಇಲ್ಲೆಲ್ಲ ಗುಡ್ಡದ ಮರೆಯ ಮನೆಗೆ ಸಿಗದ ಪ್ರಸಾರ ಎದುರಿನ ಗುಡ್ಡದ ಮನೆಗೆ ಚೆನ್ನಾಗಿ ಸಿಗುತ್ತದೆ. ಮೀಡಿಯಂ ವೇವ್ ಎಲ್ಲರಿಗೂ ಗರಗರ ಎನ್ನುತ್ತಲೇ ತಲುಪುತ್ತಿತ್ತು. ಎಫ್‌ಎಂ ಕೆಲವರಿಗೆ ಚೊಕ್ಕವಾಗಿ ತಲುಪಿತು. ಆ ಕೆಲವರಲ್ಲಿ ಪೇಟೆಯವರೇ ಹೆಚ್ಚು.

ಆ ಪೇಟೆಗೆ ಖಾಸಗಿ ನಿಲಯಗಳು ಬಂದದ್ದು ಕೇಂದ್ರ ಸರ್ಕಾರದ ಎರಡನೇ ಹಂತದ ಎಫ್‌ಎಂ ನೀತಿಯಿಂದ. ಮೊದಲ ಹಂತದಲ್ಲಿ ವರ್ಷ ವರ್ಷ ಏರುವ ಲೈಸನ್ಸ್ ಶುಲ್ಕವಿತ್ತು, ಹಲವರು ಕೈಸುಟ್ಟುಕೊಂಡರು. 2005ರಲ್ಲಿ ಅದನ್ನು ಕೈಬಿಟ್ಟು ಆದಾಯದ ಶೇಕಡಾ 4ರ ಪಾಲು ಕೇಳುವ ಕ್ರಮ ಬಂದ ಮೇಲೆ ಮಂಗಳೂರಿನಂಥ ನಗರಗಳೂ ಲಾಭದಾಯಕವಾಗಿ ಕಂಡವು. ಆ ದಶಕ ಮುಗಿಯುವುದರೊಳಗೆ 92.7, 93.5, 98.3 ಎಂದು ಮೂರು ನಿಲಯಗಳು ಶುರುವಾದವು. ಸುದ್ದಿ ಪ್ರಸಾರಕ್ಕೆ ಅವುಗಳಿಗೆ ಅನುಮತಿಯಿಲ್ಲ. ಮೂರನೇ ಹಂತದ ನೀತಿಯಲ್ಲೂ ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೆಯೇ ಮರುಪ್ರಸಾರ ಮಾಡಬಹುದು ಎಂಬಷ್ಟೇ ಸಡಿಲಿಕೆ. ಉಳಿದದ್ದು ಹಾಡು, ಹರಟೆ, ಸ್ಪರ್ಧೆ, ಜಾಹೀರಾತು. ಬರೆದುಕೊಂಡ ವಾಕ್ಯ ಓದುತ್ತಿದ್ದ ಉದ್ಘೋಷಕರ ಜಾಗದಲ್ಲಿ ನಗುತ್ತಾ ಮಾತಿಗೆಳೆಯುವ ಆರ್‌ಜೆ ಬಂದರು, ಕನ್ನಡದ ನಡುವೆ ತುಳು ಸಲೀಸಾಗಿ ನುಸುಳಿತು. ಇದನ್ನು ನಾನು ಒಳ್ಳೆಯದೆಂದೇ ಎಣಿಸುತ್ತೇನೆ. ಆದರೆ ಜಾಹೀರಾತು ಸಿಗುವ ಪೇಟೆಯಾಚೆಗೆ ಆ ನಿಲಯಗಳಿಗೆ ಕೆಲಸವಿರಲಿಲ್ಲ.

ಸಮುದಾಯ ಬಾನುಲಿಗಳೂ ಬಂದವು: ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ರೇಡಿಯೊ ಸಾರಂಗ್ 107.8, ರೇಡಿಯೊ ಮಣಿಪಾಲ್ 90.4. ಅವುಗಳ ಮನಸ್ಸು ದೊಡ್ಡದು. ಪ್ರಸರಣ ಶಕ್ತಿಗೆ ನಿಯಮ ಹಾಕಿರುವ ಮಿತಿ ಮಾತ್ರ 100 ವ್ಯಾಟ್.

ಇಷ್ಟಾದರೂ ಮೀಡಿಯಂ ವೇವ್ ಸೋತದ್ದು ಎಫ್‌ಎಂ ನಿಲಯಗಳ ಸ್ಪರ್ಧೆಯಿಂದ ಎನ್ನುವುದು ಅರ್ಧ ಸತ್ಯ. ಅದು ಸೋತದ್ದು ಜನರ ಕೈಯಲ್ಲಿದ್ದ ಪೆಟ್ಟಿಗೆಯಲ್ಲಿ. ಮೊಬೈಲ್ ಬಂದಾಗ ಇಯರ್‌ಫೋನಿನ ತಂತಿಯೇ ಎಫ್‌ಎಂಗೆ ಆಂಟೆನಾ ಆಯಿತು. ಫೆರೈಟ್ ಕಡ್ಡಿಗೆ ತೆಳ್ಳಗಿನ ಫೋನಿನಲ್ಲಿ ಜಾಗವಿಲ್ಲ. ಜೊತೆಗೆ ಎಲ್ಇಡಿ ಬಲ್ಬು, ಚಾರ್ಜರ್, ಇನ್ವರ್ಟರ್‌ಗಳ ವಿದ್ಯುತ್ ಗದ್ದಲ ಮನೆಮನೆಯ ಮೀಡಿಯಂ ವೇವ್ ಪಟ್ಟಿಯನ್ನು ಹಾಳುಗೆಡವಿತು. ಆಮೇಲೆ ಇಯರ್‌ಫೋನ್ ತೂತನ್ನೇ ತೆಗೆದ ಫೋನುಗಳು ಬಂದು ಎಫ್‌ಎಂ ಕೂಡ ಮರೆಯಾಗತೊಡಗಿತು. ಫೋನುಗಳಲ್ಲಿ ಎಫ್‌ಎಂ ಉಳಿಸಿ ಎಂದು 2023ರಲ್ಲಿ ಕೇಂದ್ರ ಸರ್ಕಾರವೇ ತಯಾರಕರಿಗೆ ಸೂಚಿಸಬೇಕಾಯಿತು.

ಈಗ ಆಕಾಶವಾಣಿ ಆ್ಯಪ್‌ನಲ್ಲೂ ಕೇಳಿಸುತ್ತದೆ. ದುಬೈನಲ್ಲಿ, ಮುಂಬೈನಲ್ಲಿ ಇರುವ ಕರಾವಳಿಯವರಿಗೆ ಊರಿನ ಮಾತು ಸಿಗುವುದು ದೊಡ್ಡ ಲಾಭ. ಬ್ರಹ್ಮಾವರದ ಕಂಬ ಎಷ್ಟೇ ಎತ್ತರವಿದ್ದರೂ ಅದನ್ನು ಮಾಡಲಾಗುತ್ತಿರಲಿಲ್ಲ. ಇನ್ನೊಂದೆಡೆ ದೇಶದಾದ್ಯಂತ, ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿ ಮೀಡಿಯಂ ವೇವ್ ಸ್ಥಾವರಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ ಬಂದಿದೆ. ಕರೆಂಟು ಖರ್ಚು, ಬಿಡಿಭಾಗ, ಕಡಿಮೆಯಾದ ಕೇಳುಗರು, ಕಾರಣಗಳಲ್ಲಿ ಹುರುಳಿದೆ. ಆದರೆ ಆ್ಯಪ್‌ಗೆ ಇಂಟರ್‌ನೆಟ್ ಬೇಕು. ಮಲ್ಪೆಯಿಂದ ಹೊರಟ ಬೋಟು ಕೆಲವು ಗಂಟೆಗಳಲ್ಲಿ ಮೊಬೈಲ್ ಸಿಗ್ನಲ್ ದಾಟುತ್ತದೆ. ದೊಡ್ಡ ಬೋಟುಗಳಲ್ಲಿ ವೈರ್‌ಲೆಸ್ ಸೆಟ್ ಇರುತ್ತದೆ, ನಾಡದೋಣಿಗೆ ಅದೂ ಇಲ್ಲ. ಘಟ್ಟದ ಬುಡದಲ್ಲಿ ಮಳೆಗೆ ಕರೆಂಟು ಹೋಗಿ ಟವರ್ ಸತ್ತಾಗ, ಎರಡು ಸೆಲ್ ಹಾಕಿದ ಟ್ರಾನ್ಸಿಸ್ಟರ್‌ಗೆ ಬದಲಿಯಾಗಿ ಏನಿದೆ?

ಆದ್ದರಿಂದ ಯಾವ ಸ್ಥಾವರದ ಬಗ್ಗೆ ತೀರ್ಮಾನಿಸುವಾಗಲೂ ಕುಂದಾಪುರ, ಕಾರ್ಕಳ, ಸುಳ್ಯಗಳ ಹಳ್ಳಿಗಳಲ್ಲಿ ಮತ್ತು ಕಡಲಿನ ಮೇಲೆ ಎಫ್‌ಎಂ ಎಲ್ಲಿಯವರೆಗೆ ಸಿಗುತ್ತದೆ ಎಂದು ಅಳೆದು ಆ ನಕ್ಷೆಯನ್ನು ಜನರ ಮುಂದಿಡಬೇಕು. ಸಿಗದ ಕಡೆ ಸಣ್ಣ ಎಫ್‌ಎಂ ಮರುಪ್ರಸಾರ ಕೇಂದ್ರಗಳನ್ನು ಮೊದಲು ಹಾಕಿ ಆಮೇಲೆ ಹಳೆಯದನ್ನು ಮುಟ್ಟಬೇಕು. ತುಳು, ಕೊಂಕಣಿ, ಬ್ಯಾರಿ ಕಾರ್ಯಕ್ರಮಗಳ ಹೊತ್ತನ್ನು ಬೇರೆ ಊರಿನ ಪ್ರಸಾರಕ್ಕೆ ಬಿಟ್ಟುಕೊಡದೆ ಕದ್ರಿಯಲ್ಲೇ ಉಳಿಸಿಕೊಳ್ಳಬೇಕು. 1976ರಲ್ಲಿ ಈ ನಿಲಯವನ್ನು ಕಟ್ಟಿದ್ದೇ ಅದಕ್ಕಾಗಿ.