ಬಾಡಿದ ಬೆಗೋನಿಯಾಗೆ ನೀರು ಹಾಕುವ ಮುನ್ನ

"ದಿನಾ ನೀರು ಹಾಕ್ತೀನಿ ಮೇಡಂ, ಆದರೂ ಎಲೆ ಜೋತುಬಿದ್ದಿದೆ." ಬೆಗೋನಿಯಾ ಹಿಡಿದು ನನ್ನ ಹತ್ತಿರ ಬರುವ ಹೆಚ್ಚಿನವರ ಮಾತು ಇದೇ. ಕುಂಡ ಎತ್ತಿದರೆ ಭಾರ. ಗಿಡ ಹೊರತೆಗೆದು ಬೇರನ್ನು ಬೆರಳಲ್ಲಿ ಎಳೆದರೆ ಕಂದು ಸಿಪ್ಪೆ ಕಳಚಿ ಕೈಗೆ ಬರುತ್ತದೆ, ಒಳಗಿನ ನಾರು ಮಾತ್ರ ಉಳಿಯುತ್ತದೆ. ಕೊಳೆತ ಬೇರಿಗೆ ನೀರು ಹೀರುವ ಶಕ್ತಿ ಇರುವುದಿಲ್ಲ. ಹಾಗಾಗಿ ಒದ್ದೆ ಮಣ್ಣಿನಲ್ಲಿದ್ದೂ ಗಿಡ ಬಾಡುತ್ತದೆ. ಅದನ್ನು ನೋಡಿ ನಾವು ಇನ್ನೊಂದು ಲೋಟ ಸುರಿಯುತ್ತೇವೆ.

ಎಲೆಯ ಅಂದಕ್ಕೆಂದೇ ಮನೆಯೊಳಗೆ ಬೆಳೆಸುವ ಬೆಗೋನಿಯಾಗಳಲ್ಲಿ ರೆಕ್ಸ್‌ಗೆ ಬೇಡಿಕೆ ಜಾಸ್ತಿ. ಬೆಳ್ಳಿ, ನೇರಳೆ, ಕಡುಗೆಂಪು ಬಣ್ಣದ ಅದರ ಎಲೆ ನೋಡಿ ಮರುಳಾಗದವರು ಕಡಿಮೆ. ಇದರ ಮೂಲ ಅಸ್ಸಾಂ ಕಡೆಯದು. 1850ರ ದಶಕದಲ್ಲಿ ಯುರೋಪಿಗೆ ಹೋಯಿತು. ನರ್ಸರಿಯಲ್ಲಿ ಸಿಗುವ ರೆಕ್ಸ್‌ಗಳು ಅದರಿಂದ ಬಂದ ಮಿಶ್ರತಳಿಗಳು. ನಮ್ಮ ಪಶ್ಚಿಮ ಘಟ್ಟದಲ್ಲೂ ಕಾಡು ಬೆಗೋನಿಯಾಗಳಿವೆ. ಮಳೆಗಾಲದಲ್ಲಿ ಮಲೆನಾಡಿಗೆ ಹೋದರೆ ಹಳ್ಳದ ಬದಿಯ ಬಂಡೆಗಳನ್ನು ಗಮನಿಸಿ. ಬಂಡೆಯ ಮೇಲೆ ಒಂದಿಷ್ಟು ಪಾಚಿ, ಕೊಳೆತ ತರಗೆಲೆ, ಅದರಲ್ಲೇ ಬೇರು. ಗಾಳಿಯಲ್ಲಿ ತೇವ ಧಾರಾಳ, ಬೇರಿನ ಬಳಿ ನೀರು ನಿಲ್ಲುವುದಿಲ್ಲ. ಮನೆಯಲ್ಲಿ ನಾವು ಕೊಡುವುದು ಇದರ ಉಲ್ಟಾ.

ರೆಕ್ಸ್‌ನ ದಪ್ಪ ದಂಟು ಶುಂಠಿಯ ಹಾಗೆ ಅಡ್ಡಕ್ಕೆ ಹರಿಯುತ್ತದೆ, ಬೇರು ಆಳಕ್ಕೆ ಇಳಿಯುವುದಿಲ್ಲ. ಆಳ ಕಡಿಮೆ ಇರುವ ಅಗಲ ಕುಂಡ ಸಾಕು. ಕೆಂಪು ಮಣ್ಣು ಬೇಡ, ಅದು ಗಟ್ಟಿಯಾಗುತ್ತದೆ. ನಾನು ಬಳಸುವುದು ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು), ಒಂದು ಪಾಲು ಎಲೆಗೊಬ್ಬರ. ನೆಡುವಾಗ ದಂಟನ್ನು ಹೂಳಬೇಡಿ, ಮೇಲೆಯೇ ಇರಲಿ.

ವಾರಕ್ಕೆ ಎಷ್ಟು ಸಲ ನೀರು ಅಂತ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ. ಬೆಂಗಳೂರಿನ ಏಪ್ರಿಲ್‌ಗೂ ಜುಲೈಗೂ ಒಂದೇ ಲೆಕ್ಕ ನಡೆಯುತ್ತಾ? ಬೆರಳಿನ ಮೊದಲ ಗೆಣ್ಣಿನವರೆಗೆ ಮಣ್ಣೊಳಗೆ ಚುಚ್ಚಿ ನೋಡಿ. ಒಣಗಿದ್ದರೆ ಚೆನ್ನಾಗಿ ಹಾಕಿ, ತಟ್ಟೆಗೆ ಇಳಿದ ನೀರು ಚೆಲ್ಲಿ. ತೇವವಿದ್ದರೆ ಸುಮ್ನೆ ಬಿಟ್ಟುಬಿಡಿ.

ಸ್ಪ್ರೇ ಬಾಟಲಿ ನನಗೆ ಇಷ್ಟವಿಲ್ಲ. ಎಲೆ ಒದ್ದೆಯಾಗಿ ಕಲೆ ಬೀಳುತ್ತದೆ, ಗಾಳಿಯ ತೇವ ಮಾತ್ರ ಸ್ವಲ್ಪ ಹೊತ್ತಿಗೇ ಮಾಯ. ನಾಲ್ಕೈದು ಗಿಡಗಳನ್ನು ಹತ್ತಿರ ಇಡಿ, ಆದರೆ ಎಲೆಗೆ ಎಲೆ ತಾಗದಿರಲಿ. ಗಾಳಿ ಆಡದಿದ್ದರೆ ಬೂದಿ ರೋಗ ಬರುತ್ತದೆ. ಹಿಟ್ಟು ಉದುರಿಸಿದಂಥ ಬಿಳಿ ಮಚ್ಚೆ ಕಂಡ ದಿನವೇ ಆ ಎಲೆ ಕಿತ್ತು ಎಸೆಯಿರಿ. ಬೆಳಕಿಗೆ ಪೂರ್ವದ ಕಿಟಕಿ ಒಳ್ಳೆಯದು, ಮಧ್ಯಾಹ್ನದ ಬಿಸಿಲು ಬೇಡ. ಬೆಕ್ಕು, ನಾಯಿ ಇರುವ ಮನೆಯಲ್ಲಿ ಎತ್ತರದಲ್ಲಿಡಿ, ಜಗಿದರೆ ಅವಕ್ಕೆ ತೊಂದರೆ.

ಡಿಸೆಂಬರ್, ಜನವರಿಯಲ್ಲಿ ರೆಕ್ಸ್ ಎಲೆ ಉದುರಿಸಬಹುದು. ಸತ್ತಿತು ಅಂತ ಎಸೆಯಬೇಡಿ. ದಂಟು ಒತ್ತಿ ನೋಡಿ. ಗಟ್ಟಿಯಿದ್ದರೆ ಜೀವವಿದೆ. ನೀರು ಕಡಿಮೆ ಮಾಡಿ, ಗೊಬ್ಬರ ನಿಲ್ಲಿಸಿ, ಕಾಯಿರಿ.

ಬೇರು ಪೂರ್ತಿ ಹೋಗಿದ್ದರೂ ಒಂದು ಒಳ್ಳೆಯ ಎಲೆ ಉಳಿದಿದ್ದರೆ ಸಾಕು. ತೊಟ್ಟು ಸೇರುವ ಜಾಗದಿಂದ ಅಂಚಿನವರೆಗೆ ಎಲೆಯನ್ನು ತ್ರಿಕೋನ ತುಂಡುಗಳಾಗಿ ಕತ್ತರಿಸಿ. ಪ್ರತಿ ತುಂಡಿನಲ್ಲೂ ಒಂದು ದಪ್ಪ ನರ ಇರಲೇಬೇಕು, ಹೊಸ ಗಿಡ ಹುಟ್ಟುವುದು ಆ ನರದ ಕತ್ತರಿಸಿದ ತುದಿಯಿಂದ. ಚೂಪು ತುದಿಯನ್ನು ಒದ್ದೆ ಕೋಕೋಪೀಟ್, ಪರ್ಲೈಟ್‌ನಲ್ಲಿ ಊರಿ, ಮುಚ್ಚಳವಿರುವ ಪಾರದರ್ಶಕ ಸ್ವೀಟ್ ಡಬ್ಬಿಯಲ್ಲಿಡಿ. ನೇರ ಬಿಸಿಲು ಬೀಳದಿರಲಿ. ಒಂದೆರಡು ತಿಂಗಳಲ್ಲಿ ಬುಡದಲ್ಲಿ ಪುಟ್ಟ ಎಲೆಗಳು ಏಳುತ್ತವೆ. ಮುಚ್ಚಳವನ್ನು ಒಮ್ಮೆಲೇ ತೆಗೆಯಬೇಡಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚು ಹೊತ್ತು ತೆರೆದಿಡಿ. ಹೊರಗಿನ ಗಾಳಿಗೆ ಒಗ್ಗಿದ ಮೇಲೆ ಸಣ್ಣ ಕಪ್ಪಿಗೆ ಬದಲಾಯಿಸಿ.